ಸ್ಟಂಟ್ ವಿಮಾನ 1,950 ಗ್ರಾಂ ತೂಗ್ತಿದೆ, ಸ್ಪರ್ಧೆಗೆ ಬಿಡ್ತಾರಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: 46 ಎಂಜಿನ್ (0.46 ಘನ ಅಂಗುಲದ್ದು) ಹಾಕಿ ಕಂಟ್ರೋಲ್ ಲೈನ್ ಸ್ಟಂಟ್ ವಿಮಾನ ಕಟ್ಟಿದ್ದೀರಿ, ಅಂದರೆ ನಡುವೆ ನಿಂತು ಎರಡು ತಂತಿ ಹಿಡಿದು ಸುತ್ತ ಹಾರಿಸುತ್ತಾ ಕಸರತ್ತು ಮಾಡಿಸುವ ಮಾದರಿ ವಿಮಾನ. ರೆಕ್ಕೆಯ ವಿಸ್ತೀರ್ಣ 43 ಚದರ ಡೆಸಿಮೀಟರ್. ಬಣ್ಣವೆಲ್ಲ ಆದ ಮೇಲೆ ತೂಗಿದರೆ 1,950 ಗ್ರಾಂ ಬಂದಿದೆ. ಎಫ್‌ಎಐ (ಅಂತರರಾಷ್ಟ್ರೀಯ ವಾಯುಕ್ರೀಡಾ ಒಕ್ಕೂಟ) ನಿಯಮದ ಪ್ರಕಾರ ನಡೆಯುವ ಸ್ಪರ್ಧೆಗೆ ಇದೇ ಮೊದಲ ಸಲ ಹೋಗ್ತಿದ್ದೀರಿ. ತೂಕ ಜಾಸ್ತಿ ಅಂತ ಆಚೆ ಹಾಕ್ತಾರಾ ಅನ್ನೋ ಭಯ.

ಹಾಕೋದಿಲ್ಲ. ಸ್ಟಂಟ್ ಅಂದರೆ ಎಫ್‌2ಬಿ ವರ್ಗ. ಅದರಲ್ಲಿ ತೂಕದ ಮಿತಿ 3.5 ಕೆಜಿ. ರೆಕ್ಕೆ ಒಂದು ತುದಿಯಿಂದ ಇನ್ನೊಂದು ತುದಿಗೆ 2 ಮೀಟರ್ ದಾಟಬಾರದು, ವಿಮಾನದ ಉದ್ದವೂ 2 ಮೀಟರ್ ದಾಟಬಾರದು. ನಿಮ್ಮದು ಇದರ ಹತ್ತಿರಕ್ಕೂ ಬಂದಿಲ್ಲ. ಇಷ್ಟು ವರ್ಷದಲ್ಲಿ ಸ್ಟಂಟ್ ವಿಮಾನ ತೂಕದ ಮಿತಿ ದಾಟಿ ಹೊರಗೆ ಹೋದದ್ದನ್ನು ನಾನಂತೂ ಕಂಡಿಲ್ಲ. ತಂತಿಯ ತಪ್ಪಿಗೆ ಹೋದವರನ್ನು ಬೇಕಾದಷ್ಟು ಕಂಡಿದ್ದೇನೆ. ಅವರಲ್ಲಿ ನಾನೂ ಒಬ್ಬ ಆಗಬೇಕಿತ್ತು, ಸ್ವಲ್ಪದರಲ್ಲಿ ತಪ್ಪಿತು.

ಎಫ್‌2ಬಿಯಲ್ಲಿ ತಂತಿಯ ಉದ್ದ 15 ಮೀಟರಿಗಿಂತ ಕಡಿಮೆ ಇರಬಾರದು, 21.5 ಮೀಟರಿಗಿಂತ ಜಾಸ್ತಿಯೂ ಇರಬಾರದು. ಎಲ್ಲಿಂದ ಎಲ್ಲಿಗೆ ಅಳೀತಾರೆ ಅನ್ನೋದೇ ಇಲ್ಲಿ ಮುಖ್ಯ. ಹ್ಯಾಂಡಲ್ ಹಿಡಿಯುವ ಜಾಗದಿಂದ ವಿಮಾನದ ನಡುಗೆರೆಯವರೆಗೆ. ನಾನು ಮೊದಲ ಸಲ ಬರೀ ತಂತಿಯನ್ನು ಅಳೆದು, 21.3 ಮೀಟರ್, ಸರಿಯಾಗಿದೆ ಅಂತ ಹಾಯಾಗಿ ಹೋದೆ. ರೆಕ್ಕೆಯೊಳಗೆ ಬೆಲ್‌ಕ್ರ್ಯಾಂಕ್‌ವರೆಗೆ (ತಂತಿಯ ಎಳೆತವನ್ನು ಬಾಲದ ಪಟ್ಟಿಗೆ ದಾಟಿಸುವ ಸನ್ನೆ) ಹೋಗುವ ತಂತಿ ಲೆಕ್ಕಕ್ಕೆ ಬರುತ್ತೆ ಅನ್ನೋದು ತಲೆಗೇ ಹೊಳೆದಿರಲಿಲ್ಲ. ಅದೇ 75 ಸೆಂಟಿಮೀಟರ್. ತಪಾಸಣೆ ಮಾಡುವವರು ಟೇಪ್ ಎಳೆದು ನೋಡಿ, ‘ಅರ್ಧ ಮೀಟರ್ ಜಾಸ್ತಿ ಇದೆ, ಸರಿ ಮಾಡ್ಕೊಂಡು ಬನ್ನಿ’ ಅಂದರು.

ಮೈದಾನದ ಹುಲ್ಲಿನ ಮೇಲೆ ಕೂತು ಎರಡೂ ತಂತಿಯನ್ನು ಅರವತ್ತು ಸೆಂಟಿಮೀಟರ್ ಕತ್ತರಿಸಿದೆ. ತುದಿಯನ್ನು ಪುಟ್ಟ ಲೋಹದ ಬಳೆಯ ಸುತ್ತ ಬಳಸಿ, ಐದು ಸೆಂಟಿಮೀಟರ್ ಹಿಂದಕ್ಕೆ ಮಡಚಿ, ಅದರ ಮೇಲೆ ಸಣ್ಣ ತಾಮ್ರದ ತಂತಿಯನ್ನು ಒತ್ತೊತ್ತಾಗಿ ಸುತ್ತಬೇಕು. ಮನೆಯಲ್ಲಿ ನಿಧಾನವಾಗಿ ಮಾಡುವ ಕೆಲಸ ಅದು. ಅವಸರದಲ್ಲಿ ಒಂದು ತಂತಿ ಇನ್ನೊಂದಕ್ಕಿಂತ ನಾಲ್ಕು ಮಿಲಿಮೀಟರ್ ಗಿಡ್ಡ ಆಯ್ತು. ಪುಲ್ ಟೆಸ್ಟ್‌ಗೆ, ಅಂದರೆ ತಂತಿ ತಡೆಯುತ್ತಾ ಅಂತ ಎಳೆದು ನೋಡುವ ಪರೀಕ್ಷೆಗೆ, ಹಾಕಿದರೆ ಒಂದು ಕಡೆ ಸುತ್ತು ಮೆಲ್ಲಗೆ ಜಾರಲು ಶುರುವಾಯ್ತು. ಕಣ್ಣೆದುರೇ ಬಳೆ ಸಡಿಲವಾಗ್ತಾ ಬಂತು. ನೆಲದ ಮೇಲೆ ಜಾರಿದ್ದು ನನ್ನ ಪುಣ್ಯ. ಮತ್ತೆ ಸುತ್ತಿ, ಮತ್ತೆ ಎಳೆಸಿ, ಕೊನೆಯವನಾಗಿ ಹಾರಿಸಿದೆ.

ಈ ಪುಲ್ ಟೆಸ್ಟ್‌ನಲ್ಲೇ ನಿಮ್ಮ 1,950 ಗ್ರಾಂ ಲೆಕ್ಕಕ್ಕೆ ಬರೋದು. ವಿಮಾನ, ಬೆಲ್‌ಕ್ರ್ಯಾಂಕ್, ತಂತಿ, ಹ್ಯಾಂಡಲ್ ಎಲ್ಲ ಜೋಡಿಸಿಯೇ ಎಳೆದು ನೋಡ್ತಾರೆ. ಎಷ್ಟು ಎಳೀಬೇಕು ಅನ್ನೋದು ವಿಮಾನದ ತೂಕದ ಮೇಲೆ ನಿಂತಿದೆ. ಸ್ಟಂಟ್ ವಿಮಾನವನ್ನು ನಾನು ಮನೆಯಲ್ಲೇ ತೂಕದ ಹತ್ತು ಪಟ್ಟು ಎಳೆದು ನೋಡ್ತೇನೆ. ನಿಮ್ಮದಕ್ಕೆ ಅದು 19.5 ಕೆಜಿ ಆಗುತ್ತೆ. ಒಂದು ಸ್ಪ್ರಿಂಗ್ ತಕ್ಕಡಿ, ವಿಮಾನವನ್ನು ಭದ್ರವಾಗಿ ಹಿಡಿಯೋಕೆ ಒಬ್ಬರು, ಇಷ್ಟಿದ್ದರೆ ಸಾಕು. ಜರ್ಕ್ ಕೊಡಬೇಡಿ, ನಿಧಾನವಾಗಿ ಎಳೀರಿ.

ಅಷ್ಟೊಂದು ಯಾಕೆ ಅಂತ ಕೇಳಬಹುದು. ನೀವು ಒಂದು ಸುತ್ತನ್ನು 5.3 ಸೆಕೆಂಡಿನಲ್ಲಿ ಹಾರಿಸ್ತೀರಿ, ತಂತಿ 20 ಮೀಟರ್ ಇದೆ ಅಂದುಕೊಳ್ಳಿ. ಆಗ ವೇಗ ಸೆಕೆಂಡಿಗೆ ಸುಮಾರು 24 ಮೀಟರ್. ನೆಟ್ಟಗೆ ಹಾರುವಾಗಲೇ ನಿಮ್ಮ ಕೈಗೆ ಬರುವ ಎಳೆತ 5.6 ಕೆಜಿ ಆಸುಪಾಸು, ಅಂದರೆ ತೂಕದ ಮೂರು ಪಟ್ಟಿಗೆ ಹತ್ತಿರ. ಗಾಳಿ ಬೀಸಿದರೆ, ತಿರುವಿನಲ್ಲಿ ವಿಮಾನ ಜಗ್ಗಿದರೆ ಇನ್ನೂ ಏರುತ್ತೆ. ಹತ್ತು ಪಟ್ಟಿನ ಲೆಕ್ಕ ಅದಕ್ಕೇ.

ಸ್ಪೀಡ್ ವರ್ಗಕ್ಕೆ, ಅಂದರೆ ಎಫ್‌2ಎಗೆ, ಇದೇ ಲೆಕ್ಕ ಹಾಕಿ ನೋಡಿ, ಮಜಾ ಇದೆ. ಅಲ್ಲಿ ಎಂಜಿನ್ 2.5 ಸಿಸಿ, ತಂತಿಯ ಅಳತೆ 17.69 ಮೀಟರ್. ಯಾಕೆ ಅಂಥ ವಿಚಿತ್ರ ಸಂಖ್ಯೆ ಅಂದರೆ, ಆ ಅಳತೆಗೆ ಒಂಬತ್ತು ಸುತ್ತು ಹಾಕಿದರೆ ಸರಿಯಾಗಿ 1 ಕಿಲೋಮೀಟರ್ ಆಗುತ್ತೆ. ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಆ ಪುಟ್ಟ ವಿಮಾನ ತನ್ನ ತೂಕದ ನಲವತ್ತು ಪಟ್ಟು ಎಳೆಯುತ್ತೆ. ಅದಕ್ಕೆ ಅಲ್ಲಿನ ಪುಲ್ ಟೆಸ್ಟ್ ತೂಕದ 50 ಪಟ್ಟು. ಅರ್ಧ ಕೆಜಿ ವಿಮಾನಕ್ಕೆ 25 ಕೆಜಿ! ತೂಕವನ್ನು ನಿಯಮದಲ್ಲಿ ಹಿಡಿದಿರುವ ರೀತಿಯೂ ಬೇರೆ: ರೆಕ್ಕೆ, ಬಾಲ ಸೇರಿ ಪ್ರತಿ ಚದರ ಡೆಸಿಮೀಟರಿಗೆ 100 ಗ್ರಾಂ ಮೀರಬಾರದು.

ತೂಕಕ್ಕೆ ಹೆದರಲೇಬೇಕಾದ ವರ್ಗ ಅಂದರೆ ಟೀಮ್ ರೇಸ್, ಎಫ್‌2ಸಿ. ಅಲ್ಲಿ 500 ಗ್ರಾಂ ದಾಟುವ ಹಾಗಿಲ್ಲ. ರೆಕ್ಕೆ, ಬಾಲ ಸೇರಿ 12 ಚದರ ಡೆಸಿಮೀಟರ್ ಇರಲೇಬೇಕು, ಟ್ಯಾಂಕ್ 7 ಸಿಸಿ ಮಾತ್ರ. ಒಂದೇ ವೃತ್ತದಲ್ಲಿ ಮೂರು ತಂಡ, ನೂರು ಸುತ್ತು. ಕಾಂಬ್ಯಾಟ್‌ನಲ್ಲಿ, ಅಂದರೆ ಎಫ್‌2ಡಿಯಲ್ಲಿ, ತೂಕದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಎದುರಾಳಿಯ ಕಾಗದದ ಬಾಲವನ್ನು ಒಂದು ಸಲ ಕತ್ತರಿಸಿದರೆ 100 ಅಂಕ, ಅಷ್ಟೇ ಗಮನ. ನಿಮಗೆ ಇವೆರಡೂ ಸದ್ಯಕ್ಕೆ ಬೇಡ.

ಮತ್ತೆ ನಿಮ್ಮ ವಿಮಾನಕ್ಕೆ ಬರೋಣ. ನಿಯಮ ಬಿಟ್ಟಿತು, ಸರಿ. ರೆಕ್ಕೆ ಬಿಡುತ್ತಾ ಅನ್ನೋದು ನಿಜವಾದ ಪ್ರಶ್ನೆ. 1,950 ಗ್ರಾಂ ಅನ್ನು 43ರಿಂದ ಭಾಗಿಸಿದರೆ ಚದರ ಡೆಸಿಮೀಟರಿಗೆ 45 ಗ್ರಾಂ. ಸ್ಟಂಟ್‌ಗೆ ಇದು ಸ್ವಲ್ಪ ಭಾರವೇ. 42ರ ಒಳಗಿದ್ದರೆ ನಾನು ಯೋಚನೆ ಮಾಡಲ್ಲ, 48 ದಾಟಿದರೆ ಇನ್ನೊಂದು ಕಟ್ಟೋಕೆ ಬಾಲ್ಸಾ ಮರ ಹುಡುಕ್ತೇನೆ. ನಿಮ್ಮದು ನಡುವೆ ಇದೆ.

ಗುಂಡನೆಯ ಲೂಪ್‌ಗಳಲ್ಲಿ ಇದು ಗೊತ್ತೇ ಆಗಲ್ಲ. ಚೌಕ ಲೂಪ್, ತ್ರಿಕೋನ ಲೂಪ್, ಅವರ್‌ಗ್ಲಾಸ್ (ಮರಳು ಗಡಿಯಾರದ ಆಕಾರ) ಬಂದಾಗ ಗೊತ್ತಾಗುತ್ತೆ. 5 ಮೀಟರ್ ತ್ರಿಜ್ಯದಲ್ಲಿ ಮೂಲೆ ತಿರುಗಿಸಿದರೆ ರೆಕ್ಕೆ ವಿಮಾನದ ತೂಕದ ಹನ್ನೊಂದೂವರೆ ಪಟ್ಟು ಹೊರಬೇಕು. ನಿಮ್ಮ ವಿಮಾನಕ್ಕೆ ಅದು 22 ಕೆಜಿ ದಾಟುತ್ತೆ. ನೀವು 100 ಗ್ರಾಂ ಇಳಿಸಿದರೆ ಪ್ರತಿ ಮೂಲೆಯಲ್ಲೂ ರೆಕ್ಕೆಗೆ ಒಂದು ಕೆಜಿಗಿಂತ ಜಾಸ್ತಿ ಹೊರೆ ತಪ್ಪುತ್ತೆ. ಭಾರದ ವಿಮಾನ ಮೂಲೆಯಲ್ಲಿ ಸ್ವಲ್ಪ ಕೆಳಕ್ಕೆ ಜಾರಿ ಆಮೇಲೆ ನೆಟ್ಟಗಾಗುತ್ತೆ. ನೆಟ್ಟಗೆ ಹಾರುವ ಎತ್ತರವೇ ಒಂದೂವರೆ ಮೀಟರ್. ಆ ಜಾರಿಕೆಗೆ ಅಲ್ಲಿ ಜಾಗ ಎಲ್ಲಿದೆ? ತೀರ್ಪುಗಾರರ ಕಣ್ಣಿನಿಂದ ಅದು ತಪ್ಪಿಸಿಕೊಳ್ಳಲ್ಲ, ಅಂಕ ಹೋಗುತ್ತೆ. ಟ್ಯಾಂಕಿನಲ್ಲಿ 100 ಗ್ರಾಂಗಿಂತ ಜಾಸ್ತಿ ಇಂಧನ ಇರುತ್ತೆ ಅಲ್ವಾ, ಅದೂ ಹಾರಾಟದ ಮೊದಲ ಭಾಗದಲ್ಲಿ ಹೊರೆಯೇ. ಕೊನೆಗೆ ಬರುವ ನಾಲ್ಕೆಲೆಯ ಕ್ಲೋವರ್ ಕಸರತ್ತಿನ ಹೊತ್ತಿಗೆ ಅದೇ ವಿಮಾನ ಹಗುರ ಅನ್ನಿಸೋದು ಇದಕ್ಕೇ.

ಇಳಿಸೋದಾದರೆ ಬಾಲದಿಂದ ಶುರು ಮಾಡಿ. ಮೂತಿಯಲ್ಲಿ ಸೀಸ ಹಾಕಿದ್ದೀರಾ ನೋಡಿ. ಬಾಲ ಸಮತೋಲದ ಬಿಂದುವಿನಿಂದ 60 ಸೆಂಟಿಮೀಟರ್ ಹಿಂದೆ, ಸೀಸ 25 ಸೆಂಟಿಮೀಟರ್ ಮುಂದೆ ಇದ್ದರೆ, ಬಾಲದಲ್ಲಿ 10 ಗ್ರಾಂ ತೆಗೆದಾಗ ಮೂತಿಯಲ್ಲಿ 24 ಗ್ರಾಂ ತೆಗೀಬಹುದು. ಬಾಲದ ಚಕ್ರ ದಪ್ಪಗಿದ್ದರೆ ಬದಲಾಯಿಸಿ. ಬಾಲದ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ, ತೆಳುವಾಗಿ ಮತ್ತೆ ಹೊಡೆಯಿರಿ. ಬಣ್ಣ ಎಷ್ಟು ತೂಗುತ್ತೆ ಅಂತ ಯಾರೂ ನಂಬಲ್ಲ, ತಕ್ಕಡಿ ಮೇಲೆ ಇಟ್ಟು ನೋಡೋವರೆಗೆ. ಹೊರಗಿನ (ವೃತ್ತದ ಹೊರಬದಿಯ) ರೆಕ್ಕೆಯ ತುದಿಯಲ್ಲಿ ಹಾಕಿರುವ ತೂಕವನ್ನು ಮಾತ್ರ ಸುಮ್ನೆ ಕಿತ್ತು ಹಾಕಬೇಡಿ. ಅದು ತಂತಿಯ ಭಾರಕ್ಕೆ ಸಾಟಿ. ಐದೈದು ಗ್ರಾಂ ತೆಗೆದು, ಹಾರಿಸಿ ನೋಡುತ್ತಾ ಹೋಗಿ.

ಬೆಲ್‌ಕ್ರ್ಯಾಂಕ್ ಕೂರಿಸಿದ ಜಾಗವನ್ನು ಹಗುರ ಮಾಡಲು ಹೋಗಲೇಬೇಡಿ. ಇಡೀ ಎಳೆತ ನಿಲ್ಲೋದು ಅಲ್ಲೇ.

ಹೊರಡುವ ಮೊದಲು ಆ ವರ್ಷದ ಎಫ್2 ನಿಯಮ ಪುಸ್ತಕವನ್ನು ಎಫ್‌ಎಐ ತಾಣದಿಂದ ಇಳಿಸಿಕೊಂಡು ಒಂದು ಸಲ ಓದಿ. ಹ್ಯಾಂಡಲ್‌ಗೆ ಮಣಿಕಟ್ಟಿನ ಪಟ್ಟಿ ಮರೀಬೇಡಿ, ಅದಿಲ್ಲದೆ ವೃತ್ತದೊಳಗೆ ಬಿಡಲ್ಲ. ಇನ್ನೊಂದು ಜೊತೆ ತಂತಿಯನ್ನು ಮನೆಯಲ್ಲೇ ಸುತ್ತಿ, ಎಳೆದು ನೋಡಿ, ಚೀಲದಲ್ಲಿ ಇಟ್ಟುಕೊಳ್ಳಿ. ನಿಮ್ಮ ತೂಕಕ್ಕೆ ನಾನಾದರೆ 0.46 ಮಿಲಿಮೀಟರ್ ತಂತಿ ಹಾಕ್ತೇನೆ. ನೀವು ಎಷ್ಟು ದಪ್ಪದ್ದು ಹಾಕಿದ್ದೀರಿ, ಒಂದು ಸುತ್ತಿಗೆ ಎಷ್ಟು ಸೆಕೆಂಡ್ ಬರ್ತಿದೆ ತಿಳಿಸಿ, ಎಳೆತದ ಲೆಕ್ಕ ಹಾಕಿ ಹೇಳ್ತೇನೆ.