ಬಯಾಪ್ಸಿ ಆಯ್ತು, ಇನ್ನೂ ಯಾಕೆ ಕಾಯಿಸ್ತಿದ್ದಾರೆ?

ಪ್ರಶ್ನೆ: ಅಮ್ಮನಿಗೆ 56 ವರ್ಷ. ಎದೆಯಲ್ಲಿ ಗಂಟು ಸಿಕ್ಕಿತು, ಡಾಕ್ಟರು ತಜ್ಞರ ಹತ್ತಿರ ಕಳಿಸಿದರು. ಬಯಾಪ್ಸಿ ಆಗಿ ಹನ್ನೊಂದು ದಿನವಾಯಿತು. ಕ್ಯಾನ್ಸರ್ ಹೌದು ಅಂದಿದ್ದಾರೆ, ಆದರೆ ‘ಇನ್ನೊಂದು ಟೆಸ್ಟ್ ಬರಬೇಕು’ ಅಂತ ಚಿಕಿತ್ಸೆ ಶುರು ಮಾಡಿಲ್ಲ. ಅಷ್ಟರಲ್ಲಿ ಹರಡಿಬಿಟ್ಟರೆ?

ಉತ್ತರ: ಸ್ತನದ ಗಂಟು ಕೈಗೆ ಸಿಗುವಷ್ಟು ಬೆಳೆಯಲು ಸಾಮಾನ್ಯವಾಗಿ ವರ್ಷಗಳೇ ಹಿಡಿದಿರುತ್ತವೆ. ಈ ಹನ್ನೊಂದು ದಿನದಲ್ಲಿ ಎಲ್ಲ ಕೈಮೀರಿ ಹೋಗುವ ಸಾಧ್ಯತೆ ತೀರಾ ಕಡಿಮೆ. (ತೀವ್ರ ರಕ್ತ ಕ್ಯಾನ್ಸರ್ ಆಗಿದ್ದರೆ ಮಾತೇ ಬೇರೆ. ಅಲ್ಲಿ ಒಂದೊಂದು ದಿನಕ್ಕೂ ಲೆಕ್ಕ.)

ಬಯಾಪ್ಸಿಯಲ್ಲಿ ಸೂಜಿಯಿಂದ ತೆಗೆದ ಗಂಟಿನ ಚೂರು ದಾರದ ತುಂಡಿನಂತಿರುತ್ತದೆ. ಅದು ಕೆಡದಂತೆ ಕನಿಷ್ಠ 6 ಗಂಟೆ ಫಾರ್ಮಲಿನ್‌ನಲ್ಲಿ ನೆನೆಯಬೇಕು. ಆಮೇಲೆ ಮೇಣದಲ್ಲಿ ಕೂರಿಸಿ, 3–4 ಮೈಕ್ರಾನ್ ತೆಳುವಾಗಿ ಸೀಳಿ, ಬಣ್ಣ ಹಾಕಿ ನೋಡುತ್ತಾರೆ. ಕ್ಯಾನ್ಸರ್ ಹೌದೋ ಅಲ್ಲವೋ ಅನ್ನುವುದು ಇಲ್ಲಿಗೆ ತಿಳಿಯುತ್ತದೆ. ಯಾವ ಬಗೆ, ಅದಕ್ಕೆ ಯಾವ ಚಿಕಿತ್ಸೆ ಅಂತ ತಿಳಿಯಲು ಇಆರ್, ಪಿಆರ್ (ಗಂಟು ಹಾರ್ಮೋನಿನಿಂದ ಬೆಳೆಯುವಂಥದ್ದೋ ಅಂತ ನೋಡುವುದು), ಹರ್-2 (ಗಂಟನ್ನು ಬೆಳೆಸುವ ಒಂದು ಪ್ರೋಟೀನು ಹೆಚ್ಚಿದೆಯೋ ಅಂತ ನೋಡುವುದು) ಪರೀಕ್ಷೆ ಬೇಕು. ಹರ್-2 ಫಲಿತಾಂಶ ‘2+’ ಬಂದರೆ ಅತ್ತ ಹೌದೂ ಅಲ್ಲ, ಇತ್ತ ಇಲ್ಲವೂ ಅಲ್ಲ. ಆಗ ಹರ್-2 ಜೀನ್ ಹೆಚ್ಚಿದೆಯೋ ಅಂತ ನೋಡುವ ಫಿಶ್ ಅನ್ನುವ ಪರೀಕ್ಷೆಗೆ ಕಳಿಸುತ್ತಾರೆ, ಇನ್ನಷ್ಟು ದಿನ ಹೋಗುತ್ತದೆ. ನಿಮಗೆ ಹೇಳಿರುವ ಟೆಸ್ಟ್ ಇದೇ ಇರಬಹುದು, ಕೇಳಿ ನೋಡಿ. ಇದಕ್ಕೆ ಕಾಯದೆ ಅವಸರದಲ್ಲಿ ಆಪರೇಷನ್ ಮಾಡಿಸಿದರೆ, ಮೊದಲು ಕೀಮೋ ಕೊಟ್ಟು ಗಂಟು ಕುಗ್ಗಿಸುವ ದಾರಿ ತಪ್ಪಿಹೋಗಬಹುದು.

ಹಾಗಂತ ಎಷ್ಟು ದಿನವಾದರೂ ಕಾಯಬಹುದು ಅಂತಲ್ಲ. 2020ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದರ ಪ್ರಕಾರ, ಸ್ತನ ಕ್ಯಾನ್ಸರ್ ಆಪರೇಷನ್ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಈಗಿರುವುದಕ್ಕಿಂತ ಸುಮಾರು 8% ಹೆಚ್ಚುತ್ತದೆ. ಇಂಗ್ಲೆಂಡ್‌ನಲ್ಲಿ ತುರ್ತಾಗಿ ತಜ್ಞರಿಗೆ ಕಳಿಸಿದ ದಿನದಿಂದ ಮೊದಲ ಚಿಕಿತ್ಸೆಗೆ 62 ದಿನದ ಗುರಿ ಇದೆ. ನನ್ನ ಕೇಳಿದರೆ ಅದೂ ಜಾಸ್ತಿಯೇ.

ಆದ್ದರಿಂದ ಸುಮ್ನೆ ಕೂರಬೇಡಿ. ‘ಇವತ್ತು ನಾವು ಯಾವುದಕ್ಕೆ ಕಾಯ್ತಿದ್ದೀವಿ?’ ಅಂತ ಕೇಳಿ. ಟೆಸ್ಟ್ ಹೆಸರು, ಬರುವ ದಿನಾಂಕ ಎರಡೂ ಹೇಳಿದರೆ ಸರಿ. ‘ನೋಡಿ ಹೇಳ್ತೀವಿ’ ಅಂದರೆ ನಾಳೆಯೇ ಮತ್ತೆ ಫೋನ್ ಮಾಡಿ. ಫೈಲು ಯಾರದ್ದೋ ಮೇಜಿನ ಮೇಲೆ ಮಲಗಿರುವುದೂ ಉಂಟು. ಸ್ಕ್ಯಾನ್, ಹೃದಯದ ಎಕೋ ಬೇಕಾಗುವುದಿದ್ದರೆ ಈ ನಡುವೆಯೇ ಮುಗಿಸಬಹುದಾ ಅಂತಲೂ ವಿಚಾರಿಸಿ.

ಅಮ್ಮನಿಗೆ ಉಸಿರು ಕಟ್ಟಿದಂತಾದರೆ, ಬೆನ್ನು ವಿಪರೀತ ನೋಯುತ್ತಿದ್ದರೆ, ಕಾಲಲ್ಲಿ ಬಲ ಇಲ್ಲದಂತಾದರೆ ರಿಪೋರ್ಟ್ ಬರಲಿ ಅಂತ ಕಾಯಬೇಡಿ, ಆವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.