ಹೆಂಡತಿಗೆ ಓದಿಸೋಕೆ ಅತಿ ಭಯಂಕರವಾದ ಹಾರರ್ ಕಾದಂಬರಿ ಯಾವುದು?

ಭಯಂಕರವಾದದ್ದು ಬೇಡ ಮಾರಾಯರೇ. ಮದುವೆಯಾಗಿ ಹೊಸದು, ಮನೆಯವರು ಕೌಟುಂಬಿಕ ಕಾದಂಬರಿ ಬಿಟ್ಟು ಬೇರೇನೂ ಮುಟ್ಟಲ್ಲ, ಒಂದೇ ಏಟಿಗೆ ಹುಚ್ಚು ಹಿಡಿಸೋ ಹಾರರ್ ಬೇಕು, ಕನ್ನಡದಲ್ಲಿ ಅಂಥದ್ದೇನೂ ಇಲ್ಲವಲ್ಲ ಅಂದಿದ್ದೀರಿ. ನೀವು ಕೊಪ್ಪಳದವರು, ನಾನು ಗಂಗಾವತಿ ಕಡೆಯವನು. ಇದೇ ಲೆಕ್ಕ ಹಾಕಿ ನಾನು ನಮ್ಮ ಅಕ್ಕನಿಗೆ ಒಂದು ಪುಸ್ತಕ ಕೊಟ್ಟಿದ್ದೆ. ನಮ್ಮ ದೊಡ್ಡಮ್ಮ ಈಗಲೂ ನನ್ನ ಹತ್ತಿರ ಮುಖ ಕೊಟ್ಟು ಮಾತಾಡಲ್ಲ.

ಆಗ ನಾನು ರಾಯಚೂರಿನಲ್ಲಿ ಹಾಸ್ಟೆಲಿನಲ್ಲಿದ್ದೆ. ತೆಲುಗು ಕಾದಂಬರಿಕಾರ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ರೂಮಿನಿಂದ ರೂಮಿಗೆ ಓಡಾಡುತ್ತಿತ್ತು. ಸಿಂಧನೂರಿನ ಕಡೆ ಆಂಧ್ರದವರು ನೆಲೆಸಿದ ಕ್ಯಾಂಪ್‌ಗಳಿಂದ ಬಂದ ಹುಡುಗರು ತೆಲುಗಿನಲ್ಲೇ ಓದಿ ಮುಗಿಸಿದ್ದರು, ನಾವು ಕನ್ನಡದ್ದಕ್ಕೆ ಪಾಳಿ ಹಚ್ಚಿದ್ದೆವು. ಕರೆಂಟ್ ಹೋದ ರಾತ್ರಿ ಬಚ್ಚಲಿಗೆ ಇಬ್ಬಿಬ್ಬರು ಜೊತೆ ಮಾಡಿಕೊಂಡು ಹೋಗುತ್ತಿದ್ದೆವು ಅಂದ್ರೆ ನೀವೇ ಲೆಕ್ಕ ಹಾಕಿ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಪುಸ್ತಕ ಇರಲಿಲ್ಲ.

ರಜೆಗೆ ಊರಿಗೆ ಬಂದಾಗ ಅಕ್ಕ ಬಾಣಂತನಕ್ಕೆ ಬಂದಿದ್ದಳು. ಹೊರಸಿನ ಕೆಳಗೆ ಬೆಂಕಿ, ಮೂಲೆಯಲ್ಲಿ ಲೋಬಾನದ ಹೊಗೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕಿಟಕಿ ಬಂದ್. "ಬ್ಯಾಸರ ಆಗೇದೋ, ಏನರ ಓದಾಕ ಕೊಡು" ಅಂದಳು. ಕೊಟ್ಟೆ. ಅದು ಹಣದಾಸೆಗೆ ಒಂದು ಪುಟ್ಟ ಹುಡುಗಿಯ ಮೇಲೆ ಮಾಟ ಮಾಡಿಸುವ ಕತೆ. ಎಳೆ ಬಾಣಂತಿ, ಪಕ್ಕದಲ್ಲಿ ಕೂಸು. ಆ ಎರಡನ್ನೂ ಒಟ್ಟಿಗಿಟ್ಟು ನೋಡುವ ಬುದ್ಧಿ ನನಗೆ ಬರಲೇ ಇಲ್ಲ.

ಅಕ್ಕ ಪುಸ್ತಕ ಮುಗಿಸಿದಳು, ನಿದ್ದೆ ಬಿಟ್ಟಳು. ಕೂಸನ್ನು ಯಾರ ಕೈಗೂ ಕೊಡಲ್ಲ ಅಂತ ಕೂತಳು. ಹಾಗಿರುವಾಗಲೇ ದೊಡ್ಡಮ್ಮ ಬಂದರು, ತಮ್ಮ ಹೊಲದ ಬದುವಿನ ಗಿಡದ ನಿಂಬೆಹಣ್ಣು ಒಂದು ಚೀಲ ತುಂಬಿಕೊಂಡು. ಚೀಲದ ಸಮೇತ ಸೀದಾ ಕೋಣೆಗೆ ಹೋದರು, ಕೂಸನ್ನು ನೋಡೋ ಆತುರ. ಬಗ್ಗಿದಾಗ ಒಂದು ಹಣ್ಣು ಉರುಳಿ ತೊಟ್ಟಿಲ ಕೆಳಗೆ ಹೋಯಿತು. ಅಕ್ಕ ಚೀರಿದ ಚೀರಿಗೆ ಓಣಿಯವರು ಬಾಗಿಲಿಗೆ ಬಂದು ನಿಂತರು. "ನಾ ಏನ್ ಮಾಟ ಮಾಡಾಕ ಬಂದೀನೇನ?" ಅಂದ ದೊಡ್ಡಮ್ಮ ಚಹಾನೂ ಕುಡಿಯದೆ ಎದ್ದು ಹೋದರು. ತೊಟ್ಟಿಲ ಕಾರ್ಯಕ್ಕೂ ಬರಲಿಲ್ಲ. ಅವ್ವ ಆ ಹಣ್ಣಿನಿಂದ ಉಪ್ಪಿನಕಾಯಿ ಹಾಕುವ ಧೈರ್ಯ ಮಾಡಲಿಲ್ಲ, ಎಲ್ಲ ಕಟ್ಟೆಯ ಮೇಲೇ ಒಣಗಿದವು.

ಪುಸ್ತಕದ ತಪ್ಪಲ್ಲ ಅದು. ಬಾಣಂತಿಗೆ ಹಾರರ್ ಕೊಟ್ಟಿದ್ದೇ ತಪ್ಪು ಅಂತ ಎಲ್ಲರೂ ಬೈದರು, ನನಗೆ ಅದೂ ಪೂರ್ತಿ ಸರಿ ಅನ್ನಿಸಲ್ಲ. ಒಳಗೆ ಏನಿದೆ ಅಂತ ನಾನು ಹೇಳಲಿಲ್ಲ ನೋಡಿ, ಅದು ತಪ್ಪು. ಅವಳು ಕೇಳಿದ್ದಳು ಕೂಡ, ಕತೆ ಏನೋ ಅಂತ. ನಾನು ದೊಡ್ಡದಾಗಿ "ಹೇಳಿದ್ರ ಮಜಾ ಹೋಗ್ತದ, ಸುಮ್ನೆ ಓದು" ಅಂದೆ. ಒಂದು ಮಗುವಿಗೆ ಕೇಡು ಬಗೆಯೋ ಕತೆ ಅಂತ ಒಂದೇ ಮಾತು ಹೇಳಿದ್ದರೆ ಅವಳೇ ಪಕ್ಕಕ್ಕೆ ಇಡುತ್ತಿದ್ದಳು, ಇಲ್ಲಾ ಮಗನಿಗೆ ವರ್ಷ ತುಂಬಿದ ಮೇಲೆ ಓದುತ್ತಿದ್ದಳು. ನನಗೆ ಎಷ್ಟು ಭಯ ಆಯಿತು ಅನ್ನೋದೊಂದೇ ನನ್ನ ಅಳತೆ. ಆದರೆ ನನಗೆ ಮಗು ಇತ್ತಾ? ನಾನು ಹೆದರಿದ್ದು ಹಾಸ್ಟೆಲಿನ ಕತ್ತಲಿಗೆ, ಗೆಳೆಯರ ಮಾತಿಗೆ. ಹುಡುಗಿ ನನಗೆ ಬರೀ ಕತೆಯ ಪಾತ್ರ. ಅಕ್ಕನಿಗೆ ಅದು ತೊಟ್ಟಿಲಲ್ಲಿ ಮಲಗಿತ್ತು.

ಮೊದಲೇ ಹೇಳಿದರೆ ರುಚಿ ಕೆಡುತ್ತೆ ಅನ್ನೋದನ್ನ ನಾನು ಈಗ ಒಪ್ಪಲ್ಲ. ‘ಡ್ರಾಕುಲಾ’ ಬಂದದ್ದು 1897ರಲ್ಲಿ. ಆ ಕೌಂಟ್ ರಕ್ತ ಹೀರುವ ಪಿಶಾಚಿ ಅಂತ ಇವತ್ತು ಶಾಲೆಯ ಹುಡುಗರಿಗೂ ಗೊತ್ತು. ಆದರೂ ಅವನ ಮನೆಗೆ ಬಂದ ಜೊನಾಥನ್ ಗಡ್ಡ ಬೋಳಿಸಿಕೊಳ್ಳುವಾಗ ಕೌಂಟ್ ಹಿಂದೆ ಬಂದು ನಿಂತಿದ್ದಾನೆ, ಕನ್ನಡಿಯಲ್ಲಿ ಮಾತ್ರ ಕಾಣಲ್ಲ, ಅಲ್ಲಿಗೆ ಬಂದರೆ ಮೈ ಜುಮ್ ಅನ್ನುತ್ತೆ. ನಮಗೆ ಗೊತ್ತು, ಆ ಬಡಪಾಯಿಗೆ ಗೊತ್ತಿಲ್ಲ, ಮಜಾ ಇರೋದೇ ಅಲ್ಲಿ. ಕೊನೆ ಹೇಳಬೇಡಿ, ಸರಿ. ಯಾರಿಗೆ ಏನು ಕೇಡಾಗುತ್ತೆ ಅನ್ನೋದನ್ನ ಹೇಳಿಯೇ ಕೊಡಿ.

ಇನ್ನು ಕನ್ನಡದಲ್ಲಿ ಇಲ್ಲ ಅನ್ನೋ ಮಾತು. ಸುಳ್ಳು. ನಿಮ್ಮ ಮನೆಯವರಿಗೆ ಹಾರರ್ ಬಿಟ್ಟು ಥ್ರಿಲ್ಲರ್‌ನಿಂದ ಶುರು ಮಾಡಿಸಿ, ಅದೂ ನಮ್ಮ ನೆಲದ್ದು. ಕೆ. ಎನ್. ಗಣೇಶಯ್ಯನವರ ‘ಕರಿಸಿರಿಯಾನ’ ಕೊಡಿ. ಇವರು ಕೃಷಿ ವಿಜ್ಞಾನಿ, ಕಾದಂಬರಿ ಜೊತೆಗೇ ಆಧಾರಗಳನ್ನೂ ಕೊಡುತ್ತಾರೆ. 1565ರ ಯುದ್ಧ ಸೋತ ಮೇಲೆ ವಿಜಯನಗರದವರು 550 ಆನೆಗಳ ಮೇಲೆ ಸಂಪತ್ತು ಹೇರಿಕೊಂಡು ಹೋದರು ಅಂತ ಇಂಗ್ಲಿಷ್ ಇತಿಹಾಸಕಾರ ರಾಬರ್ಟ್ ಸಿವೆಲ್ 1900ರಲ್ಲಿ ಬರೆದಿದ್ದಾನಲ್ಲ, ಆ ಐಶ್ವರ್ಯದ ಬೆನ್ನು ಹತ್ತುವ ಕತೆ. ಆನೆಗೊಂದಿ, ಹಂಪಿ ಕಣ್ಣಾರೆ ಕಂಡವರಿಗೆ ಅದು ಬೇರೆಯೇ ರೀತಿ ಹಿಡಿಯುತ್ತೆ. ಭಯವೇ ಬೇಡ, ಬೆರಗು ಸಾಕು ಅಂದರೆ ತೇಜಸ್ವಿಯವರ ‘ಕರ್ವಾಲೋ’ ಇದೆ, ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ಕತೆ. ಅದನ್ನು ಓದಿ ಬೇಜಾರಾದವರನ್ನು ನಾನಂತೂ ನೋಡಿಲ್ಲ.

ಪುಸ್ತಕದ ಜೊತೆಗೆ ಒಂದು ಭಾನುವಾರ ಹಿರೇಬೆಣಕಲ್‌ನ ಮೋರೇರ ಬೆಟ್ಟಕ್ಕೆ ಕರೆದುಕೊಂಡು ಹೋಗಿ. ಚಪ್ಪಡಿ ನಿಲ್ಲಿಸಿ ಕಟ್ಟಿದ ಕಲ್ಲಿನ ಗೂಡುಗಳು, ಕೆಲವಕ್ಕೆ ಮುಂದಿನ ಚಪ್ಪಡಿಯಲ್ಲಿ ದುಂಡನೆಯ ತೂತು. ಗಿಡ್ಡ ಮನುಷ್ಯರ ಮನೆಗಳು ಅಂತ ಊರವರ ಮಾತು, ಶಿಲಾಸಮಾಧಿಗಳು ಅಂತ ಇತಿಹಾಸದವರ ಮಾತು. ಇವುಗಳ ಬಗ್ಗೆ 1835ರಲ್ಲೇ ಹೊರಗಿನವರಿಗೆ ತಿಳಿಸಿದವನು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್, ಸುರಪುರದಲ್ಲಿ ಟೇಲರ್ ಮಂಜಿಲ್ ಇದೆಯಲ್ಲ, ಅವನೇ. ಅದೇ ಟೇಲರ್ 1839ರಲ್ಲಿ ‘ಕನ್ಫೆಷನ್ಸ್ ಆಫ್ ಎ ಥಗ್’ ಬರೆದ. ದಾರಿಹೋಕರ ಜೊತೆ ಸ್ನೇಹ ಬೆಳೆಸಿ, ರುಮಾಲಿನಿಂದ ಕೊರಳು ಬಿಗಿಯುವ ಥಗ್ ಒಬ್ಬ ತಾನೇ ಕೂತು ಕತೆ ಹೇಳುತ್ತಾನೆ, ಹೆಚ್ಚೇನೂ ಪಶ್ಚಾತ್ತಾಪ ಇಲ್ಲದೆ. ದೆವ್ವ ಒಂದೂ ಇಲ್ಲ. ನನಗೆ ದೆವ್ವದ ಕತೆಗಳಿಗಿಂತ ಅದೇ ಜಾಸ್ತಿ ಕಾಡಿದ್ದು, ಆದರೆ ಮೊದಲ ಓದಿಗೆ ಬೇಡ. ಪುಟಕ್ಕೊಂದು ನಂಬಿಕೆದ್ರೋಹ, ಒಂಟಿಯಾಗಿ ಬಸ್ಸಲ್ಲಿ ಓಡಾಡೋರಿಗಂತೂ ಕೊಡಲೇಬೇಡಿ.

ಹಾರರ್ ಆಮೇಲೆ ನೋಡೋಣ. ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ. ಟಿವಿಯಲ್ಲಿ ಯಾವ ಸಿನಿಮಾ ಬಂದಾಗ ಅವರು ಚಾನೆಲ್ ಬದಲಿಸುತ್ತಾರೆ, ಯಾವುದಕ್ಕೆ ಎದ್ದು ಅಡುಗೆಮನೆಗೆ ಹೋಗುತ್ತಾರೆ ಅಂತ ಗಮನಿಸಿ. ಅದನ್ನ ಇಲ್ಲೇ ಕೆಳಗೆ ಬರೆಯಿರಿ, ಪುಸ್ತಕದ ಹೆಸರು ಆಗ ಹೇಳುತ್ತೇನೆ.