ಹೆಸರು ಬಿಟ್ಟಿದ್ದು ಬೇಕಂತಲೇ, ಮೇಷ್ಟ್ರೇ

ತಿಪಟೂರಿನಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯ ಕ್ರೈಸ್ಟ್‌ಚರ್ಚ್ ಲೇಖನದಲ್ಲಿ ಕೊಲೆಗಾರನ ಹೆಸರೇ ಇಲ್ಲ. ಹೆದರಿಕೆಯೇ? ಅಷ್ಟು ದೊಡ್ಡ ಕಂಪನಿಗೆ ಒಂದು ವಿಡಿಯೊ ಅಳಿಸಲು ಆಗಲಿಲ್ಲ ಅಂದರೆ ನಂಬೋದು ಹೇಗೆ?"

ಹೆದರಿಕೆ ಅಲ್ಲ ಮೇಷ್ಟ್ರೇ, ಮರೆವೂ ಅಲ್ಲ. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಊರಿನ ಎರಡು ಮಸೀದಿಗಳಲ್ಲಿ 51 ಜನರನ್ನು ಕೊಂದವನು ತಲೆಗೆ ಕ್ಯಾಮೆರಾ ಕಟ್ಟಿಕೊಂಡು, ನೋಡಲು ಬನ್ನಿ ಅಂತ ಮೊದಲೇ ಆನ್‌ಲೈನ್‌ನಲ್ಲಿ ಲಿಂಕ್ ಹಾಕಿ ಹೋಗಿದ್ದ. ಕೊಲ್ಲೋದು ಎಷ್ಟು ಮುಖ್ಯವೋ ತೋರಿಸೋದೂ ಅವನಿಗೆ ಅಷ್ಟೇ ಮುಖ್ಯ. ಅವನ ಹೆಸರು ಎತ್ತುವುದಿಲ್ಲ ಎಂದು ಅಲ್ಲಿನ ಆಗಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಸಂಸತ್ತಿನಲ್ಲೇ ಹೇಳಿದ್ದರು. ನಾವು ಯಾಕೆ ಎತ್ತಬೇಕು?

ಇನ್ನು ವಿಡಿಯೊ. ಅವನು ಅದನ್ನು ಫೇಸ್‌ಬುಕ್‌ನಲ್ಲಿ ಲೈವ್, ಅಂದರೆ ನೇರಪ್ರಸಾರ, ಮಾಡಿದ್ದ. ಫೇಸ್‌ಬುಕ್ ಕೊಟ್ಟ ಲೆಕ್ಕದಲ್ಲಿ ಲೈವ್ ನೋಡಿದವರು 200ಕ್ಕೂ ಕಡಿಮೆ. ನೋಡುತ್ತಿದ್ದಾಗ ಒಬ್ಬರೂ ದೂರು ಕೊಡಲಿಲ್ಲ. ಮೊದಲ ದೂರು ಬಂದಿದ್ದು ಲೈವ್ ಮುಗಿದು 12 ನಿಮಿಷಕ್ಕೆ, ಅಷ್ಟರಲ್ಲಿ ಯಾರೋ ಕಾಪಿ ಮಾಡಿ ಬೇರೆ ಕಡೆ ಹಾಕಿಯಾಗಿತ್ತು. ಮೊದಲ 24 ಗಂಟೆಯಲ್ಲಿ 15 ಲಕ್ಷ ಕಾಪಿ ಅಳಿಸಿದರಂತೆ, ಅದರಲ್ಲಿ 12 ಲಕ್ಷವನ್ನು ಅಪ್‌ಲೋಡ್ ಆಗುವಾಗಲೇ ತಡೆದರು. ಸುಮ್ನೆ ಕೂತಿರಲಿಲ್ಲ, ಒಪ್ಪೋಣ. ಆದರೆ ಉಳಿದ 3 ಲಕ್ಷ ಒಂದಷ್ಟು ಹೊತ್ತಾದರೂ ಜನರ ಕಣ್ಣಿಗೆ ಬಿತ್ತು.

ಯಂತ್ರ ವಿಡಿಯೊವನ್ನು ಹೆಬ್ಬೆಟ್ಟಿನ ಗುರುತಿನ ಹಾಗೆ ಹಿಡಿಯುತ್ತದೆ, ಅದಕ್ಕೆ ಹ್ಯಾಶ್ ಅಂತಾರೆ. ಕಂಪನಿಗಳು ಈ ಗುರುತನ್ನು ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತವೆ. ಅಂಚು ಕತ್ತರಿಸಿದರೆ, ಟಿವಿಯಲ್ಲಿ ಓಡಿಸಿ ಮೊಬೈಲಿನಲ್ಲಿ ಮತ್ತೆ ಶೂಟ್ ಮಾಡಿದರೆ ಗುರುತು ತಪ್ಪಿಹೋಗುತ್ತದೆ. ಹಾಗೆ ತಿದ್ದಿದ ರೂಪಗಳೇ 800ಕ್ಕೂ ಜಾಸ್ತಿ ಸಿಕ್ಕವು.

ಒಂದು ತುಣುಕು ಉಳಿದರೆ ಏನಾಗುತ್ತೆ ಅನ್ನಬಹುದು. 2022ರ ಮೇನಲ್ಲಿ ಅಮೆರಿಕದ ಬಫಲೊ ಊರಿನ ಅಂಗಡಿಯಲ್ಲಿ 10 ಕಪ್ಪು ಜನರನ್ನು ಕೊಂದ ಹುಡುಗ, ಕ್ರೈಸ್ಟ್‌ಚರ್ಚಿನ ಒಂದು ತುಣುಕು ನೋಡಿಯೇ ತನಗೆ ಇದೆಲ್ಲ ಶುರುವಾಗಿದ್ದು ಅಂತ ಬರೆದಿಟ್ಟಿದ್ದ. ಅವನೂ ಲೈವ್ ಮಾಡಿದ. ಗುಂಡು ಹಾರಿಸಲು ಶುರುಮಾಡಿದ ಎರಡೇ ನಿಮಿಷದೊಳಗೆ ಟ್ವಿಚ್ ಎಂಬ ಲೈವ್ ತಾಣ ಅದನ್ನು ನಿಲ್ಲಿಸಿತು, ಕಾಪಿ ಮಾತ್ರ ಆಗಲೇ ಹೊರಬಿದ್ದಿತ್ತು.

ವಾಟ್ಸಾಪ್‌ನ ಕಥೆಯೇ ಬೇರೆ. ಅಲ್ಲಿ ಮೆಸೇಜು ಬೀಗ ಹಾಕಿದ ಪೆಟ್ಟಿಗೆ, ಒಳಗೇನಿದೆ ಅಂತ ಕಂಪನಿಗೂ ಕಾಣದು. ಕ್ರೈಸ್ಟ್‌ಚರ್ಚಿನ ದಿನ ಸಂಜೆ ನಮ್ಮ ಕಚೇರಿ ಗುಂಪಿಗೂ ಆ ವಿಡಿಯೊ ಬಂತು. ಮೇಲೆ "ದಯವಿಟ್ಟು ನೋಡಬೇಡಿ" ಅಂತ ಬರೆದು, ಕೆಳಗೆ ವಿಡಿಯೊ! ಗುಂಪಿನಲ್ಲಿದ್ದ ಎಂಟು ಜನರಲ್ಲಿ ಏಳು ಜನ ಒತ್ತಿ ನೋಡಿದೆವು, ನಾನೂ ಸೇರಿ. "ಮೊದಲು ಅದನ್ನ ಡಿಲೀಟ್ ಮಾಡಿ ಸಾರ್" ಅಂದಿದ್ದು ಪ್ರೂಫ್ ನೋಡುವ ಹುಡುಗಿ ಒಬ್ಬಳೇ.